ಬಾಯಿಗೆ ಬಂದದ್ದನ್ನು ತಡೆದುಕೊಂಡರೆ ಏನು ಲಾಭ? – ಪದೇ ಪದೇ ಕೇಳುವ ಪ್ರಶ್ನೆಗಳು

ಕೋರ್ಟಿನ ಮಧ್ಯಸ್ಥಿಕೆ ಕೊಠಡಿಯಲ್ಲಿ ಕೂರುವುದು ನನ್ನ ಕೆಲಸ. ಕೋಲಾರ ಜಿಲ್ಲೆಯ ಪಾಲಿನ ಜಗಳ, ಬದುವಿನ ಜಗಳ, ಬೋರ್‌ವೆಲ್ ಜಗಳ, ಗಂಡ-ಹೆಂಡಿರ ಜಗಳ ಒಂದಷ್ಟು ಕಾಲ ನ್ಯಾಯಾಧೀಶರ ಮುಂದೆ ಎಳೆದಾಡಿ ಆಮೇಲೆ ನಮ್ಮ ಮೇಜಿಗೆ ಬರುತ್ತವೆ. ಅಲ್ಲಿಗೆ ಬಂದವರು ಕಾನೂನಿನ ಬಗ್ಗೆ ಕೇಳುವುದಕ್ಕಿಂತ ಹೆಚ್ಚಾಗಿ ಕೇಳುವುದು "ಅವನು ಅಷ್ಟು ಮಾತಾಡ್ತಿದ್ರೆ ನಾನು ಹೆಂಗೆ ಸುಮ್ನಿರ್ಲಿ ಸಾರ್?" ಎಂದು. ಈ ಪ್ರಶ್ನೆಯ ಬೇರೆ ಬೇರೆ ರೂಪಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಪ್ರಶ್ನೆ ಕೋರ್ಟಿನದ್ದಲ್ಲ, ಹೊರಗೆ ಟೀ ಕುಡಿಯುವಾಗ ಕೇಳಿದ್ದು.

ಸುಮ್ಮನಿರು ಅಂದರೆ ಸೋತುಬಿಡು ಅಂತಲಾ?

ಅಲ್ಲ. ಈಗ ಆಡಬೇಕು ಅನ್ನಿಸಿದ್ದನ್ನು ತಡೆದು, ಆಡಲೇಬೇಕಾದದ್ದನ್ನು ಸ್ವಲ್ಪ ಹೊತ್ತಾದ ಮೇಲೆ ಆಡಿ ಎನ್ನುತ್ತಿದ್ದೇನೆ, ಅಷ್ಟೇ. ಆ "ಆಮೇಲೆ" ಬರದೇ ಹೋದರೆ ನಾನು ಅದನ್ನು ಶಾಂತಿ ಎನ್ನುವುದಿಲ್ಲ. ಅದಕ್ಕೆ ಕೆಳಗೆ ಬೇರೆ ಉತ್ತರವಿದೆ.

ಮುಳಬಾಗಿಲು ಕಡೆಯ ಅಣ್ಣ-ತಮ್ಮ ಎಂದಿಟ್ಟುಕೊಳ್ಳಿ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಯಾಕೆಂದರೆ ಮಧ್ಯಸ್ಥಿಕೆಯಲ್ಲಿ ಆಡಿದ ಮಾತು ಆ ಕೊಠಡಿ ದಾಟಬಾರದು. ಅಪ್ಪ ಕೊರೆಸಿದ ಒಂದು ಬೋರ್‌ವೆಲ್, ಎರಡು ಹೊಲ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದರೂ ನೀರು ಬರುವ ಖಾತ್ರಿ ಇಲ್ಲದ ಮೇಲೆ ಬಂದ ನೀರಿಗೆ ಎಷ್ಟು ಬೆಲೆ ಅಂತ ಹೇಳಬೇಕಿಲ್ಲ. ಅಣ್ಣ ಕೂತ ಕೂಡಲೇ ಶುರು ಮಾಡಿದ. ಅಪ್ಪನ ಆಸ್ಪತ್ರೆ ಖರ್ಚು, ತಂಗಿ ಮದುವೆಯ ಸಾಲ, ತಮ್ಮನ ಹೆಂಡತಿ ಯಾವತ್ತೋ ಅಂದ ಒಂದು ಮಾತು. ನಮ್ಮ ಕಡೆ ಜಗಳ ಏರಿದಂತೆ ಭಾಷೆ ಕನ್ನಡದಿಂದ ತೆಲುಗಿಗೆ ಹೊರಳುತ್ತದೆ, ಹೊರಳಿತು. ತಮ್ಮ ಎದುರುತ್ತರ ಕೊಡಲಿಲ್ಲ. ಕೇಸಿನ ನೋಟಿಸನ್ನು ಮಗುಚಿ, ಅದರ ಬೆನ್ನ ಮೇಲೆ ಎರಡು ಚೌಕ ಗೀಚಿ, ಪಂಪು ಓಡಿಸುವ ತ್ರೀಫೇಸ್ ಕರೆಂಟು ಹಗಲು ಬರುವ ವಾರ ಯಾರ ಸರದಿ, ರಾತ್ರಿ ಬರುವ ವಾರ ಯಾರ ಸರದಿ ಎಂದು ಬರೆಯುತ್ತಾ ಕೂತ. ಮಧ್ಯೆ ಮಧ್ಯೆ ತಲೆ ಎತ್ತಿ ಅಣ್ಣನ ಮುಖ ನೋಡುತ್ತಿದ್ದ, ಕೇಳಿಸಿಕೊಳ್ಳುತ್ತಿದ್ದೇನೆ ಎನ್ನುವ ಹಾಗೆ. ಅಣ್ಣನ ದನಿ ತಾನಾಗಿಯೇ ಇಳಿಯಿತು. ಕೊನೆಗೆ ಅವನೇ ಕೇಳಿದ, "ಏನೋ ಅದು ಬರ್ಕೊಂಡಿರೋದು, ತೋರ್ಸು." ರಾಜಿ ಅವತ್ತೇ ಆಗಲಿಲ್ಲ. ಆದರೆ ಅಲ್ಲಿಂದ ಮುಂದೆ ಚರ್ಚೆ ನಡೆದದ್ದು ತಮ್ಮ ಗೀಚಿದ ಆ ಚೌಕಗಳ ಮೇಲೆ. ಅಣ್ಣ ತಂದಿದ್ದ ಹಳೇ ಪುರಾಣ ಬದಿಗೆ ಸರಿಯಿತು. ಇಬ್ಬರಲ್ಲಿ ಯಾರು ಸೋತರು, ನೀವೇ ಹೇಳಿ.

ಕೋಪ ಬಂದಾಗ ತಲೆ ಓಡಲ್ಲ ಅಂತಾರಲ್ಲ, ನಿಜವಾಗಿ ಒಳಗೆ ಏನಾಗುತ್ತೆ?

ಮಿದುಳಿನಲ್ಲಿ ಅಮಿಗ್ಡಲಾ ಎಂಬ ಸಣ್ಣ ಭಾಗವಿದೆ. ಅಪಾಯ ಎಂದು ಮೊದಲು ಕೂಗು ಹಾಕುವುದು ಅದೇ. ಅಪಾಯ ನಿಜವೋ ಅಲ್ಲವೋ ಎಂದು ಲೆಕ್ಕ ಹಾಕುವ ಹಣೆಯ ಹಿಂದಿನ ಭಾಗ ಸ್ವಲ್ಪ ನಿಧಾನ. ಅಷ್ಟರೊಳಗೆ ಮೂತ್ರಪಿಂಡದ ಮೇಲೆ ಕೂತಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರಿರುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ರಕ್ತ ಹೊಟ್ಟೆ ಬಿಟ್ಟು ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಚಿರತೆ ಎದುರಾದಾಗ ಓಡುವುದಕ್ಕೋ ಹೊಡೆದಾಡುವುದಕ್ಕೋ ಇದು ಅನುಕೂಲ. ನಾದಿನಿ ಎದುರಾದಾಗ ಅಷ್ಟೇನೂ ಅಲ್ಲ.

ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅದರ ಹಿಂದೆ ಬರುವ ಕಾರ್ಟಿಸೋಲ್ ಹಾಗಲ್ಲ. ಅದು ಮೇಲೇರುವುದಕ್ಕೇ ಇಪ್ಪತ್ತು-ಮೂವತ್ತು ನಿಮಿಷ ಹಿಡಿಯುತ್ತದೆ, ಇಳಿಯುವುದಕ್ಕೆ ಇನ್ನೂ ಹೆಚ್ಚು. ಕೂಗಾಟ ಮುಗಿದು ಒಂದು ಗಂಟೆಯಾದರೂ ಮನಸ್ಸು ಕುದಿಯುತ್ತಲೇ ಇರುವುದು ಇದರಿಂದಲೇ. ಇದರ ಮಧ್ಯೆ ಹಳೆಯದನ್ನು ಮತ್ತೆ ಮತ್ತೆ ನೆನೆಸಿಕೊಂಡರೆ ಗಡಿಯಾರ ಮತ್ತೆ ಮೊದಲಿನಿಂದ ಶುರು.

ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಇನ್ನೊಂದು ಮಾತು: ತೀವ್ರ ಕೋಪ ಬಂದ ನಂತರದ 2 ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಹೆಚ್ಚಿರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡುಬಂದಿದೆ. ಪಾಲಿನ ಪಂಚಾಯ್ತಿಗೆ ಅಪ್ಪ-ಅಮ್ಮನನ್ನು ನಡುವೆ ಕೂರಿಸಿಕೊಂಡು ಕೂಗಾಡುವವರು ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಎಷ್ಟು ಹೊತ್ತು ಸುಮ್ಮನಿದ್ದರೆ ಸಾಕು?

ಕಡಿಮೆ ಎಂದರೂ 20 ನಿಮಿಷ. ಗಂಡ-ಹೆಂಡಿರ ಜಗಳವನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವುದೂ ಅಷ್ಟೇ: ಎದೆ ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ, ಆಗ ಕನಿಷ್ಠ 20 ನಿಮಿಷದ ಬಿಡುವು ಬೇಕು. ನಮ್ಮ ಕೊಠಡಿಯಲ್ಲೂ ದನಿ ಏರಿದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಬ್ಬೊಬ್ಬರ ಹತ್ತಿರ ಪ್ರತ್ಯೇಕ ಮಾತಾಡುತ್ತೇವೆ. ಜನ ಅದನ್ನು ಗುಟ್ಟಿನ ಮಾತುಕತೆ ಅಂದುಕೊಳ್ಳುತ್ತಾರೆ. ಅರ್ಧ ಕಾರಣ ಅದಿರಬಹುದು. ಇನ್ನರ್ಧ, ಇಬ್ಬರ ಎದೆ ಬಡಿತವೂ ಇಳಿಯಲಿ ಎಂಬುದು.

ಬಿಡುವು ಕೇಳುವುದಕ್ಕೂ ಒಂದು ರೀತಿ ಇದೆ. ಏನೂ ಹೇಳದೆ ದಡಕ್ಕನೆ ಎದ್ದು ಹೋದರೆ ಅದು ಅವಮಾನ. "ಈಗ ನನ್ನ ತಲೆ ಬಿಸಿಯಾಗಿದೆ, ಊಟ ಮಾಡಿ ಬಂದು ಮಾತಾಡ್ತೀನಿ" ಎಂದು ಹೇಳಿ ಎದ್ದು, ಹೇಳಿದ ಹೊತ್ತಿಗೆ ಬನ್ನಿ.

ಮನಸ್ಸಿಗೆ ಸುಮ್ಮನಿರು ಅಂದರೆ ಸುಮ್ಮನಿರುತ್ತಾ? ಹೇಗೆ ಮಾಡೋದು?

ಮನಸ್ಸಿಗೆ ಹೇಳಿ ಪ್ರಯೋಜನವಿಲ್ಲ, ಉಸಿರಿಗೆ ಹೇಳಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದೇ ಉದ್ದ ಇರಬೇಕು. ಉಸಿರು ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ವೇಗ ತಗ್ಗುತ್ತದೆ. ಇದು ಯಾರ ನಂಬಿಕೆಯ ವಿಷಯವೂ ಅಲ್ಲ. ಮಣಿಕಟ್ಟಿನ ನಾಡಿ ಹಿಡಿದು ನೀವೇ ನೋಡಬಹುದು. ಈ ಲೆಕ್ಕದಲ್ಲಿ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಎದುರಿಗೆ ಕೂತವರಿಗೆ ನೀವು ಏನು ಮಾಡುತ್ತಿದ್ದೀರಿ ಎಂದು ಗೊತ್ತೂ ಆಗುವುದಿಲ್ಲ.

ಇನ್ನೊಂದು, ನಿಮಗೆ ಆಗುತ್ತಿರುವುದಕ್ಕೆ ಮನಸ್ಸಿನಲ್ಲೇ ಹೆಸರಿಡಿ. "ನನಗೆ ಅವಮಾನ ಆಗ್ತಿದೆ", "ನನಗೆ ಭಯ ಆಗ್ತಿದೆ". ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದೂ ಇಂಥದ್ದನ್ನೇ: ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ. ಕೋಪ ಎಂದುಕೊಂಡದ್ದು ಎಷ್ಟೋ ಸಲ ಕೋಪವೇ ಆಗಿರುವುದಿಲ್ಲ. ಜಮೀನಿನ ಕೇಸುಗಳಲ್ಲಿ ಬಹುಪಾಲು ಅದು "ನನ್ನನ್ನ ಒಂದು ಮಾತು ಕೇಳಲಿಲ್ಲ" ಎನ್ನುವ ನೋವು.

ಮೊದಲ ಬಾರಿಗೆ ದೊಡ್ಡ ಜಗಳದಲ್ಲಿ ಪ್ರಯೋಗ ಮಾಡಬೇಡಿ. ರೇಷನ್ ಅಂಗಡಿ ಕ್ಯೂನಲ್ಲಿ, ಬಸ್ಸಿನ ಚಿಲ್ಲರೆ ವಿಷಯದಲ್ಲಿ ಅಭ್ಯಾಸ ಮಾಡಿಕೊಳ್ಳಿ.

ಕೂಗಾಡಿ ಹೊರಗೆ ಹಾಕಿಬಿಟ್ಟರೆ ಹಗುರ ಆಗುತ್ತಲ್ಲ?

ಹಾಗೆ ಅನ್ನಿಸುತ್ತದೆ, ಆದರೆ ಆಗುವುದಿಲ್ಲ. ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬೇಕೆಂದೇ ಕೋಪ ಬರಿಸಿ, ಕೆಲವರಿಗೆ ಕೋಪ ಬರಿಸಿದವನನ್ನು ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಇನ್ನು ಕೆಲವರನ್ನು ಏನೂ ಮಾಡಿಸದೆ ಸುಮ್ಮನೆ ಕೂರಿಸಿದರು. ಗುದ್ದಿದವರ ಕೋಪ ಕೂತವರಿಗಿಂತ ಹೆಚ್ಚಾಗಿತ್ತು.

ಒಳಗೇ ಅದುಮಿಟ್ಟರೆ ಬಿಪಿ ಬರಲ್ವಾ?

ಅದುಮಿಡುವುದು ಬೇರೆ, ಶಾಂತವಾಗುವುದು ಬೇರೆ. ಹಲ್ಲು ಕಚ್ಚಿ, ಮುಖದ ಮೇಲೆ ನಗು ಅಂಟಿಸಿಕೊಂಡು ಕೂತವನ ದೇಹ ಒಳಗೆ ಕೂಗಾಡುವವನಷ್ಟೇ ದುಡಿಯುತ್ತಿರುತ್ತದೆ. ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಭಾವನೆಯನ್ನು ಮುಖದಲ್ಲಿ ಮುಚ್ಚಿಟ್ಟವರಿಗೆ ಒಳಗಿನ ಒತ್ತಡ ಇಳಿಯಲಿಲ್ಲ, ಆ ಹೊತ್ತಿನಲ್ಲಿ ಕೇಳಿದ್ದು ನೋಡಿದ್ದು ಕೂಡ ಸರಿಯಾಗಿ ನೆನಪಿರಲಿಲ್ಲ. ನಡೆದದ್ದನ್ನು ಬೇರೆ ಕಡೆಯಿಂದ ನೋಡಲು ಪ್ರಯತ್ನಿಸಿದವರು ಹೆಚ್ಚು ಹಗುರಾದರು. "ಇವನು ನನ್ನ ಮೇಲೆ ರೇಗ್ತಿದಾನಾ, ಇಲ್ಲ ಬ್ಯಾಂಕ್ ನೋಟಿಸ್ ಮೇಲಿನ ರೇಗಾಟ ನನ್ನ ಮೇಲೆ ತೀರಿಸ್ಕೋತಿದಾನಾ?" ಎಂದು ಒಂದು ಸಲ ಕೇಳಿಕೊಂಡರೂ ಕುದಿ ಅರ್ಧ ಇಳಿಯುತ್ತದೆ.

ಮಂಡಿಯಲ್ಲಿ ರೇಟು ಬಿದ್ದುಹೋದಾಗ ಯಾವ ಶಾಂತಿ ಕೆಲಸಕ್ಕೆ ಬರುತ್ತೆ ಸ್ವಾಮಿ?

ನ್ಯಾಯವಾದ ಪ್ರಶ್ನೆ. ಕೋಲಾರದ ಟೊಮೆಟೊ ಮಂಡಿಯಲ್ಲಿ 15 ಕೆ.ಜಿ. ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು. ಅದೇ ಬಾಕ್ಸಿಗೆ ಬಿಡಿಸಿದ ಕೂಲಿ, ಗಾಡಿ ಬಾಡಿಗೆಯೂ ಗಿಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ. ಅಂಥ ದಿನ ಉಸಿರು ಎಣಿಸಿ ಎಂದರೆ ರೈತ ನನಗೆ ಬಾಕ್ಸಿನಲ್ಲೇ ಹೊಡೆದಾನು. ರೇಟು ಬೀಳುವುದಕ್ಕೆ ಕಾರಣ ಅವನ ಕೋಪದಲ್ಲೂ ಇಲ್ಲ, ಶಾಂತಿಯಲ್ಲೂ ಇಲ್ಲ: ಎಲ್ಲರೂ ಒಂದೇ ಹೊತ್ತಿಗೆ ನಾಟಿ ಮಾಡಿದ್ದು, ಹೊರ ರಾಜ್ಯದ ಬೇಡಿಕೆ ಬಿದ್ದದ್ದು, ಹಣ್ಣು ಹೆಚ್ಚು ದಿನ ನಿಲ್ಲದೆ ಕೊಳೆಯುವುದು.

ಶಾಂತಿ ಕೆಲಸಕ್ಕೆ ಬರುವುದು ಆ ದಿನದ ನಂತರದ ತೀರ್ಮಾನಗಳಲ್ಲಿ. ನಮ್ಮಲ್ಲಿಗೆ ಬರುವ ಹಣದ ಕೇಸುಗಳಲ್ಲಿ ಎಷ್ಟೋ ಹುಟ್ಟುವುದು ಇಂಥ ದಿನದ ಸಂಜೆ. ರೇಗಿದ ತಲೆಯಲ್ಲಿ ಖಾಲಿ ಚೆಕ್ಕಿಗೆ ಸಹಿ, ಕೈಸಾಲಕ್ಕೆ ಹೇಳಿದ ಬಡ್ಡಿಗೆ ಹೂಂ, ಕಮಿಷನ್ ಏಜೆಂಟ್ ಹತ್ತಿರ ಮುಂದಿನ ಬೆಳೆಗೂ ಮುಂಗಡ. ಈ ಮೂರನ್ನು ಮಾತ್ರ ಅವತ್ತು ಮಾಡಬೇಡಿ. ರಾತ್ರಿ ಕಳೆದು, ಮನೆಯವರ ಹತ್ತಿರ ಲೆಕ್ಕ ಇಟ್ಟು, ಆಮೇಲೆ ನೋಡಿ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯದೂ ಇದೇ ಪಾಡು, ಇನ್ನೂ ಅವಸರ. ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಚಿಟ್ಟೆ ಹೊರಗೆ ಬಂದರೆ ನೂಲು ತೆಗೆಯಲು ಬಾರದು. ಗೂಡು ಕೊಂಡು ನೂಲು ತೆಗೆಯುವ ರೀಲರಿಗೂ ಅದು ಗೊತ್ತು, ರೈತನಿಗೂ ಗೊತ್ತು. ಅವಸರ ಎಷ್ಟಿದ್ದರೂ ಮುಖದ ಮೇಲೆ ಕಾಣಿಸದವನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕಿದ್ದನ್ನು ಅಲ್ಲಿ ಓಡಾಡಿದ ಯಾರು ಬೇಕಾದರೂ ಹೇಳುತ್ತಾರೆ.

ಸಾಲದ ಹೊರೆಯಿಂದ ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಅದನ್ನು ಒಳಗೆ ಇಟ್ಟುಕೊಂಡು ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಸರ್ಕಾರಿ ಕಚೇರಿಯಲ್ಲಿ "ನಾಳೆ ಬಾ" ಅಂತಾನೇ ಇದ್ದರೆ?

ಕೂಗಾಡಿದವನ ಫೈಲು ಕೆಳಗೆ ಹೋಗುತ್ತದೆ, ಸುಮ್ಮನೆ ಮನೆಗೆ ಹೋದವನದು ಅಲ್ಲೇ ಇರುತ್ತದೆ. ಇವೆರಡೂ ಅಲ್ಲದ ದಾರಿ: ತಣ್ಣಗೆ "ಸಕಾಲ ನಂಬರ್ ಕೊಡಿ ಸಾರ್" ಅನ್ನಿ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಎನ್ನುವ ಕರ್ನಾಟಕದ ಸಕಾಲ ಕಾಯ್ದೆ 2011ರದು. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. 500 ರೂಪಾಯಿಗೆ ಯಾರೂ ಬಡವರಾಗುವುದಿಲ್ಲ. ಆದರೆ ಅದು ಅಧಿಕಾರಿಯ ಲೆಕ್ಕಕ್ಕೆ ಬೀಳುತ್ತದೆ, ಅದು ಅವರಿಗೆ ಗೊತ್ತು. ಸಕಾಲ ಪಟ್ಟಿಯಲ್ಲಿ ಇಲ್ಲದ ವಿಷಯವಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು.

ಪೋಡಿಗೆ (ಜಮೀನು ಅಳೆದು ಭಾಗ ಮಾಡಿಸುವುದಕ್ಕೆ), ಖಾತೆಗೆ ಅಲೆದು ಅಲೆದು ಬಂದವರಿಗೆ ನಾನು ಹೇಳುವುದು ಒಂದೇ, ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಯಾವ ತಾರೀಕು, ಯಾವ ಮೇಜು, ಏನು ಹೇಳಿದರು. ಎದುರಿಗೇ ಬರೆದುಕೊಳ್ಳಿ. ಎಷ್ಟೋ ಸಲ ಪೆನ್ನು ಹೊರಗೆ ಬಂದ ಕೂಡಲೇ ಆ ಕಡೆಯ ದನಿಯೂ ಬದಲಾಗುತ್ತದೆ.

ಹಾವು ಕಚ್ಚಿದರೆ ಗಾಬರಿ ಆಗಬೇಡಿ ಅಂತಾರೆ. ಹೇಳೋರಿಗೇನು!

ಹೇಳುವುದಕ್ಕೆ ಕಾರಣವಿದೆ. ಓಡಾಡಿದಷ್ಟೂ, ಕೈಕಾಲು ಆಡಿಸಿದಷ್ಟೂ ವಿಷ ದೇಹಕ್ಕೆ ಬೇಗ ಹರಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಇವೆ. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಮಾಡುವ ಹಾಗೆ ದಬ್ಬೆ ಕಟ್ಟಿ ಅಲ್ಲಾಡದಂತೆ ಇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಆಮೇಲೆ ಊತ ಬಂದರೆ ಕಷ್ಟ. ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಿ ಹಾಕಿ ಹೀರುವುದು, ಮಂತ್ರ ಹಾಕಿಸಲು ಹೋಗುವುದು ಇವೆಲ್ಲ ಬೇಡ. 108ಕ್ಕೆ ಕರೆ ಮಾಡಿ. ಅದು ತಡವಾಗುವ ಹಾಗಿದ್ದರೆ ಬೈಕಿನಲ್ಲಿ ನಡುವೆ ಕೂರಿಸಿಕೊಂಡಾದರೂ ಪ್ರತಿವಿಷ ಇರುವ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಹಾವು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ, ಹಾಗಾಗಿ ಖಾಸಗಿ ಆಸ್ಪತ್ರೆಗೆ ಹೋದರೂ ಅವರು ಸರ್ಕಾರಕ್ಕೆ ವರದಿ ಮಾಡಬೇಕು.

ಇಲ್ಲಿ ಶಾಂತವಾಗಿ ಇರಬೇಕಾದವರು ಕಚ್ಚಿಸಿಕೊಂಡವರಿಗಿಂತ ಸುತ್ತ ಇರುವವರು. ಸುತ್ತಲಿನವರು ಎದೆ ಬಡಿದುಕೊಂಡು ಅತ್ತರೆ ರೋಗಿಯ ಎದೆ ಬಡಿತ ಏರದೆ ಇನ್ನೇನಾಗುತ್ತದೆ?

ಹೆಜ್ಜೇನು ಎದ್ದರೂ ಸುಮ್ಮನೆ ನಿಲ್ಲಬೇಕಾ?

ಓಡಿ! ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಕೈ ಬೀಸದೆ, ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಸಿಗುವವರೆಗೆ ನಿಲ್ಲದೆ ಓಡಿ. ಬೆಟ್ಟ, ಕೋಟೆ ಹತ್ತುವವರು ಇದನ್ನು ನೆನಪಿಡಿ. ತಲೆ ತಣ್ಣಗಿದ್ದರೆ ಕಾಲು ಸರಿಯಾದ ದಿಕ್ಕಿಗೆ ಓಡುತ್ತದೆ, ಶಾಂತಿ ಇಲ್ಲಿ ಬೇಕಿರುವುದು ಅಷ್ಟಕ್ಕೇ.

ಫೋನಿನಲ್ಲಿ ಪೊಲೀಸ್ ವೇಷದವರು "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿದರೆ?

ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಆ ಕಳ್ಳರ ಇಡೀ ವ್ಯವಹಾರ ನಿಂತಿರುವುದು ನಿಮ್ಮ ಮೊದಲ ಹತ್ತು ನಿಮಿಷದ ಗಾಬರಿಯ ಮೇಲೆ. ಅದಕ್ಕೇ ಅವರು ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ ಎನ್ನುವುದು. ನೀವು ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಮಗನಿಗೋ ಸೊಸೆಗೋ ಹೇಳಿದರೆ ಅವರ ಆಟ ಮುಗಿಯಿತು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಆ ಕಡೆಯ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಿಜವಾದ ಪೊಲೀಸರೇ ಠಾಣೆಗೆ ಕರೆದರೆ?

ಗೌರವದಿಂದ ಮಾತಾಡಿ, ಕಡಿಮೆ ಮಾತಾಡಿ. ಆರೋಪ ಹೊತ್ತವರು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವ ಹಾಗಿಲ್ಲ, ಅದು ಸಂವಿಧಾನದ 20(3)ನೇ ವಿಧಿ. ಬಂಧಿಸಿದರೆ ಕಾರಣ ಹೇಳಬೇಕು, ನಿಮ್ಮವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರು 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿನ ದಾರಿ ತೋರಿಸುತ್ತಾರೆ. ಠಾಣೆಯ ಬಾಗಿಲಲ್ಲಿ ಕಾನೂನು ಪಾಠ ಹೇಳಲು ಹೋಗಬೇಡಿ. ಹಕ್ಕು ಗೊತ್ತಿರುವವರು ಅದನ್ನು ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ.

ಗಂಡ ಹೊಡೆಯುತ್ತಾನೆ. ಎಲ್ಲರೂ "ಸುಮ್ನಿರಮ್ಮ, ತಾಳಿದವನು ಬಾಳಿಯಾನು" ಅಂತಾರೆ.

ಸುಮ್ಮನಿರಬೇಡಿ ತಾಯಿ. ಈ ಬರಹದ ಒಂದು ಸಾಲೂ ನಿಮಗೆ ಹಾಗೆ ಹೇಳಲು ಬಳಕೆಯಾಗಬಾರದು. ಆ ಗಾದೆಯನ್ನು ಹೆಣ್ಣುಮಕ್ಕಳಿಗೆ ಹೇಳುವವರು ಗಂಡಸರಿಗೆ ಯಾವತ್ತಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹೊಡೆತದ ಹೊತ್ತಿನಲ್ಲಿ ಎದುರುತ್ತರ ಕೊಡದೆ ಜಾಗ ಖಾಲಿ ಮಾಡುವುದು ಜಾಣತನ, ಜೀವ ಮೊದಲು. ಅದಾದ ಮೇಲೆ ಬಾಯಿ ಬಿಡಲೇಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಡಿ ಅದೇ ಮನೆಯಲ್ಲಿ ಇರುವ ಹಕ್ಕು, ರಕ್ಷಣಾ ಆದೇಶ, ಜೀವನಾಂಶ ಮೂರನ್ನೂ ಕೇಳಬಹುದು. ಬೈಗುಳ, ಖರ್ಚಿಗೆ ದುಡ್ಡು ಕೊಡದಿರುವುದು ಕೂಡ ಆ ಕಾಯ್ದೆಯಲ್ಲಿ ದೌರ್ಜನ್ಯವೇ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಸಿ. "ಬಿದ್ದೆ" ಎಂದು ಬರೆಸಿದ ಚೀಟಿ ಮುಂದೆ ನಿಮಗೇ ತೊಡಕು.

ಮಕ್ಕಳ ಮೇಲೆ ಯಾವ ಬಗೆಯ ಹಿಂಸೆ ಕಂಡರೂ 1098. ಅಲ್ಲಿಯೂ ಮೌನಕ್ಕೆ ಜಾಗವಿಲ್ಲ.

ಮನೆಯಲ್ಲಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೀವಿ. ಇದೂ ಶಾಂತಿನೇ ತಾನೆ?

ಅಲ್ಲ, ಇದು ಬಾಯಿ ಮುಚ್ಚಿಕೊಂಡು ಮಾಡುವ ಜಗಳ. ನನಗೆ ಕೂಗಾಡುವ ದಂಪತಿಗಿಂತ ಇಂಥವರೇ ಹೆಚ್ಚು ಕಷ್ಟ. ಕೂಗಾಡುವವರಿಗೆ ಇನ್ನೂ ಏನೋ ಹೇಳುವುದಿರುತ್ತದೆ. ಮಾತು ಬಿಟ್ಟವರ ನಡುವೆ ಮಕ್ಕಳು ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತಿರುತ್ತವೆ: "ಅಪ್ಪಂಗೆ ಹೇಳು ಊಟಕ್ಕೆ ಬರ್ಬೇಕಂತೆ", "ಅಮ್ಮಂಗೆ ಹೇಳು ಹಸಿವಿಲ್ಲ." ಆರು ವರ್ಷದ ಮಗು ಈ ಎರಡು ಸಾಲನ್ನು ಅಪ್ಪ-ಅಮ್ಮನ ದನಿಯಲ್ಲೇ ಅಣಕಿಸಿ ತೋರಿಸಿದಾಗ ನಮ್ಮ ಕೊಠಡಿಯಲ್ಲಿ ಇಬ್ಬರೂ ತಲೆ ತಗ್ಗಿಸಿದ್ದರು.

ಮುರಿಯುವುದು ಹೇಗೆ ಎಂದು ಕೇಳುತ್ತಾರೆ. ದೊಡ್ಡ ಮಾತಿನಿಂದ ಶುರು ಮಾಡಬೇಡಿ. "ಗ್ಯಾಸ್ ಬುಕ್ ಮಾಡಿದ್ಯಾ?" ಸಾಕು.

ಅನ್ಯಾಯದ ಎದುರು ಸುಮ್ಮನಿರೋದು ಹೇಡಿತನ ಅಲ್ವಾ?

ಹೌದು, ಮಾತು ಪೂರ್ತಿ ಬಿಟ್ಟುಬಿಟ್ಟರೆ. ಆದರೆ ಅನ್ಯಾಯದ ಎದುರು ಗಟ್ಟಿಯಾಗಿ ನಿಂತವರೆಲ್ಲ ಕೂಗಾಡಿದವರಲ್ಲ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ, ಆಗ ನಮ್ಮ ಕೋಲಾರ ಜಿಲ್ಲೆಯದೇ. 1938ರ ಏಪ್ರಿಲ್ 25ರಂದು, ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ನಿಷೇಧವನ್ನು ಮೀರಲು ಜನ ಅಲ್ಲಿ ಸೇರಿದ್ದರು. ಪೊಲೀಸರ ಗುಂಡಿಗೆ ಹಲವರು ಸತ್ತರು. ಅಲ್ಲಿನ ವೀರಸೌಧಕ್ಕೆ ಹೋದವರಿಗೆ ಆ ಕಥೆ ಗೊತ್ತು. ಆಮೇಲೆ ಏನಾಯಿತು ಎಂಬುದನ್ನು ನಮ್ಮ ಶಾಲೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಅಷ್ಟು ರಕ್ತ ಹರಿದ ಮೇಲೂ ಸರ್ದಾರ್ ಪಟೇಲರು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆಗೆ ಕೂತರು. ಮೈಸೂರು ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು. ಯಾವುದಕ್ಕಾಗಿ ಜನ ಜೀವ ಕೊಟ್ಟರೋ ಅದು ಬರಹದಲ್ಲಿ ಬಂದದ್ದು ಆ ಮೇಜಿನ ಮೇಲೆ. ಮಧ್ಯಸ್ಥಿಕೆಯವನಾದ ನನಗೆ ಈ ಎರಡನೇ ಭಾಗದ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪುತ್ತೇನೆ.

ವಾಟ್ಸಾಪ್ ಗ್ರೂಪಿನಲ್ಲಿ ಚುಚ್ಚಿದರೆ?

ರಾತ್ರಿ ಹತ್ತರ ನಂತರ ಉತ್ತರ ಬರೆಯಬೇಡಿ. ಬರೆಯಲೇಬೇಕು ಅನ್ನಿಸಿದರೆ ನಿಮ್ಮ ನಂಬರಿಗೆ ನೀವೇ ಕಳಿಸಿಕೊಂಡು ಬೆಳಗ್ಗೆ ಓದಿ. ಮುಖ್ಯವಾಗಿ ವಾಯ್ಸ್ ಮೆಸೇಜ್ ಬೇಡ. ಬೈದು ಕಳಿಸಿದ ಒಂದು ವಾಯ್ಸ್ ಮೆಸೇಜು ಪೆನ್‌ಡ್ರೈವಿನಲ್ಲಿ ಕೋರ್ಟಿಗೆ ಬಂದು, ನ್ಯಾಯಾಧೀಶರ ಮುಂದೆ ಕೇಳಿಸುವಾಗ ಆಡಿದವರ ಮುಖ ನೋಡಲಾಗುವುದಿಲ್ಲ.

ನಾನು ಎಷ್ಟು ಪ್ರಯತ್ನಿಸಿದರೂ ಸಣ್ಣದಕ್ಕೂ ರೇಗ್ತೀನಿ. ನನ್ನ ಸ್ವಭಾವನೇ ಹೀಗೆ.

ಸ್ವಭಾವ ಎಂದು ತೀರ್ಮಾನ ಮಾಡುವ ಮೊದಲು ನಿದ್ದೆ ಎಷ್ಟು ಮಾಡುತ್ತೀರಿ, ಎಷ್ಟು ಕುಡಿಯುತ್ತೀರಿ ಎಂದು ನೋಡಿಕೊಳ್ಳಿ. ಥೈರಾಯ್ಡ್ ಹೆಚ್ಚಾದರೂ ರೇಗಾಟ ಬರುತ್ತದೆ. ಖಿನ್ನತೆ ಗಂಡಸರಲ್ಲಿ ಎಷ್ಟೋ ಸಲ ಅಳುವಾಗಿ ಬರದೆ ಸಿಡುಕಾಗಿ ಬರುತ್ತದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬಿಪಿ ತೋರಿಸಲು ನಾಚಿಕೆ ಇಲ್ಲದ ಮೇಲೆ ಇದಕ್ಕೇಕೆ?

ಮಧ್ಯಸ್ಥಿಕೆಗೆ ಬರುವ ದಿನ ಹೇಗೆ ತಯಾರಾಗಿ ಬರಬೇಕು?

ಪಹಣಿ, ಖಾತೆ, ಹಳೇ ಪಾಲುಪಟ್ಟಿ ಏನಿದೆಯೋ ತನ್ನಿ, ಜೆರಾಕ್ಸ್ ಆದರೂ ಸರಿ. ನಿಮಗೆ ಏನು ಬೇಕು ಎಂಬುದನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಿಡಲೇಬಾರದ್ದು ಯಾವುದು, ಬಿಟ್ಟರೂ ನಡೆಯುವುದು ಯಾವುದು, ಬೇರೆ ಬೇರೆಯಾಗಿ. ಮಾತು ಮರೆತರೆ ಹಾಳೆ ನೋಡಿದರಾಯಿತು. ಜೊತೆಗೆ ಊರಿನ ಹತ್ತು ಜನರನ್ನು ಕರೆತರಬೇಡಿ, ಅವರಿಗೆ ಹೊರಗೆ ಕೂರಲು ಜಾಗವಿಲ್ಲ, ಅವರ ಮುಂದೆ ನೀವು ಬಗ್ಗುವುದಕ್ಕೂ ಆಗುವುದಿಲ್ಲ. ಇಲ್ಲಿ ರಾಜಿಯಾದರೆ ಕೋರ್ಟಿಗೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ ಎಂಬುದನ್ನು ನಿಮ್ಮ ವಕೀಲರ ಹತ್ತಿರ ಕೇಳಿ ತಿಳಿದುಕೊಳ್ಳಿ. ಆಗದಿದ್ದರೆ ಕೇಸು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ, ಇಲ್ಲಿ ಹೇಳಿದ್ದನ್ನು ಅಲ್ಲಿ ನಿಮ್ಮ ವಿರುದ್ಧ ಬಳಸುವ ಹಾಗಿಲ್ಲ. ಮೊದಲ ಬಸ್ಸು ಹಿಡಿದು ಖಾಲಿ ಹೊಟ್ಟೆಯಲ್ಲಿ ಬರುವವರೇ ಹೆಚ್ಚು, ಹನ್ನೊಂದು ಗಂಟೆಯ ಹೊತ್ತಿಗೆ ಅವರೇ ಮೊದಲು ರೇಗುವುದು. ಬಸ್ ಸ್ಟ್ಯಾಂಡ್ ಹತ್ತಿರ ಎರಡು ಇಡ್ಲಿ ತಿಂದು ಬನ್ನಿ.